ತಲೆಗೆ ಪೆಟ್ಟು: ಆಸ್ಪತ್ರೆಯ ದಾರಿಯಲ್ಲಿ ಕಾಣುವ ಅಪಾಯದ ಸೂಚನೆಗಳು

ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿರುವ ಉಮರ್ಗಾದಲ್ಲಾಗಲಿ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿ ರಸ್ತೆಗಳಲ್ಲಾಗಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಸುದ್ದಿ ನಮಗೆ ಹೊಸದಲ್ಲ. ದೊಡ್ಡ ಚಿಕಿತ್ಸೆಗಾಗಿ ಗಾಯಾಳುವನ್ನು ಸಾಮಾನ್ಯವಾಗಿ ಲಾತೂರ ಇಲ್ಲವೆ ಸೊಲ್ಲಾಪುರಕ್ಕೆ ಒಯ್ಯಬೇಕಾಗುತ್ತದೆ. ಈ ಪ್ರಯಾಣದ ಅವಧಿಯಲ್ಲಿ ಜೊತೆಗಿರುವವರು ಏನನ್ನು ಗಮನಿಸಬೇಕೆಂಬುದನ್ನು ನಾವೆಲ್ಲರೂ ತಿಳಿದಿರುವುದು ಅವಶ್ಯ.

ಒತ್ತಡ ಏರುವುದೇಕೆ?

ತಲೆಬುರುಡೆ ಹಿಗ್ಗದ ಪೆಟ್ಟಿಗೆ. ಅದರೊಳಗೆ ಮೆದುಳು, ರಕ್ತ ಮತ್ತು ಮೆದುಳಿನ ಸುತ್ತಲಿನ ದ್ರವ ಇವೆ. ಪೆಟ್ಟಿನಿಂದ ಒಳಗೆ ರಕ್ತ ಸೋರಿದರೆ ಅಥವಾ ಮೆದುಳು ಊದಿಕೊಂಡರೆ, ಸ್ವಲ್ಪ ದ್ರವವೂ ರಕ್ತವೂ ಹೊರಸರಿದು ಕೆಲಕಾಲ ಜಾಗ ಕೊಡುತ್ತವೆ. ಆ ಅವಕಾಶ ಮುಗಿದೊಡನೆ ಒತ್ತಡ ಶೀಘ್ರವಾಗಿ ಏರಿ, ಮೆದುಳಿಗೆ ರಕ್ತ ಸಾಲದಾಗುತ್ತದೆ. ಆದುದರಿಂದಲೇ ಬಿದ್ದ ಕೂಡಲೆ ಎದ್ದು ಮಾತನಾಡಿದವರೂ ಕೆಲವು ತಾಸುಗಳಲ್ಲಿ ಪ್ರಜ್ಞೆ ತಪ್ಪಬಹುದು.

ಗಮನಿಸಬೇಕಾದುದು

ಏರುತ್ತಿರುವ ತಲೆನೋವು, ಮರಳಿ ಮರಳಿ ವಾಂತಿ, ಹೆಚ್ಚುತ್ತಿರುವ ಮಂಪರು, ಅಸಂಬದ್ಧ ಮಾತು, ಕಾರಣವಿಲ್ಲದ ಸಿಟ್ಟು, ಫಿಟ್ಸ್, ಒಂದು ಪಕ್ಕದ ಕೈಕಾಲಿನ ಬಲಹೀನತೆ ಇವು ಎಚ್ಚರಿಕೆಯ ಗುರುತುಗಳು. ಒಂದು ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೆ ಕುಗ್ಗದಿದ್ದರೆ ಅಪಾಯ ತೀವ್ರವಾಗಿದೆ ಎಂದರ್ಥ. ರಕ್ತದೊತ್ತಡ ಏರಿ, ನಾಡಿ ನಿಧಾನವಾಗಿ, ಉಸಿರಾಟದ ಲಯ ತಪ್ಪುವುದನ್ನು ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಶತಮಾನದ ಹಿಂದೆಯೇ ವಿವರಿಸಿದರು. ಇದು ಬಹಳ ತಡವಾಗಿ ಬರುವ ಸೂಚನೆ. ಅದು ಕಾಣುವವರೆಗೆ ಕಾಯಬಾರದು. ಹಸುಗೂಸುಗಳಲ್ಲಿ ಉಬ್ಬಿದ ನೆತ್ತಿಯನ್ನೂ ನಿಲ್ಲದ ಅಳುವನ್ನೂ ಗಮನಿಸಬೇಕು. "ಕುಡಿದಿದ್ದಾನೆ, ಮಲಗಿ ಏಳಲಿ" ಎಂಬ ಮಾತು ಹಲವು ಜೀವಗಳಿಗೆ ಮುಳುವಾಗಬಲ್ಲದು.

ಮಾತೃಭಾಷೆಯ ಪ್ರಶ್ನೆ

ಎಚ್ಚರದ ಮಟ್ಟವನ್ನು ವೈದ್ಯರು ಗ್ಲಾಸ್ಗೋ ಮಾಪನದಿಂದ ಅಳೆಯುತ್ತಾರೆ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಈ ಮಾಪನದಲ್ಲಿ ಕಣ್ಣು, ಮಾತು, ಚಲನೆ ಸೇರಿ ಪೂರ್ಣ ಅಂಕ 15, ಕನಿಷ್ಠ 3. 8 ಅಥವಾ ಅದಕ್ಕೂ ಕಡಿಮೆಯಾದರೆ ಪೆಟ್ಟು ಗಂಭೀರ. ಮಾತಿನ ಅಂಕವು ಪ್ರಶ್ನೆ ಅರ್ಥವಾಗುವುದನ್ನು ಅವಲಂಬಿಸಿದೆ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ಹಿರಿಯರು ಮರಾಠಿ ಪ್ರಶ್ನೆಗೆ ಸುಮ್ಮನಿದ್ದರೆ ಅವರನ್ನು ಗೊಂದಲದಲ್ಲಿದ್ದಾರೆಂದು ಎಣಿಸುವ ಸಂಭವವಿದೆ. ಭಾಷೆ ಬಾರದ ಕಾರಣವೆಂದು ನಿಜವಾದ ಗೊಂದಲವನ್ನು ಕಡೆಗಣಿಸುವ ಸಂಭವವೂ ಇದೆ. ಆದಕಾರಣ ಮನೆಯವರೊಬ್ಬರು ಜೊತೆಗಿದ್ದು, ಹೆಸರೇನು, ಎಲ್ಲಿದ್ದೀರಿ, ಏನಾಯಿತು ಎಂದು ಕನ್ನಡದಲ್ಲಿ ಆಗಾಗ ಕೇಳಿ, ಉತ್ತರವನ್ನೂ ಸಮಯವನ್ನೂ ಬರೆದಿಟ್ಟುಕೊಳ್ಳಬೇಕು. "ಆಧೀ ಬೋಲತ್ ಹೋತೇ, ಆತಾ ಬೋಲತ್ ನಾಹೀತ್" ಎಂದು ಹೇಳಿದರೆ ವೈದ್ಯರಿಗೆ ಅತಿ ಮುಖ್ಯವಾದ ವಿಷಯ ತಲುಪಿದಂತೆ: ಸ್ಥಿತಿ ಕೆಡುತ್ತಿದೆ.

ಮಾಡಬೇಕಾದುದು

ತಕ್ಷಣ 108ಕ್ಕೆ ಕರೆಮಾಡಿರಿ. ಕುತ್ತಿಗೆಯನ್ನು ತಿರುಗಿಸದೆ, ಬಗ್ಗಿಸದೆ ನೇರವಾಗಿಡಿರಿ. ತಲೆಯ ಕೆಳಗೆ ದಿಂಬು ಬೇಡ; ಆಂಬ್ಯುಲೆನ್ಸಿನಲ್ಲಿ ಸ್ಟ್ರೆಚರ್‌ನ ತಲೆಭಾಗವನ್ನು ಎತ್ತಬೇಕೇ ಎಂಬುದನ್ನು ಸಿಬ್ಬಂದಿ ನಿರ್ಧರಿಸಲಿ. ವಾಂತಿಯಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಇಡೀ ದೇಹವನ್ನು ಮಗ್ಗುಲಿಗೆ ಹೊರಳಿಸಿರಿ. ರಕ್ತ ಸೋರುವ ಗಾಯವನ್ನು ಶುಚಿಯಾದ ಬಟ್ಟೆಯಿಂದ ಒತ್ತಿರಿ. ಬುರುಡೆ ಒಡೆದ ಸಂಶಯವಿದ್ದರೆ ಮೆಲ್ಲಗೆ ಮುಚ್ಚಿರಿ. ನೀರು, ಚಹ, ನೋವಿನ ಮಾತ್ರೆ ಕೊಡಬಾರದು. ಉಸಿರು ಸರಿಯಾಗಿರುವುದೇ ಮೊದಲ ಆದ್ಯತೆ. ಪ್ರಾಣವಾಯು ಕಡಿಮೆಯಾದರೆ ಪೆಟ್ಟುಂಡ ಮೆದುಳು ಇನ್ನಷ್ಟು ಹಾಳಾಗುತ್ತದೆ.

ಪೊಲೀಸರ ಭಯದಿಂದ ದೂರ ನಿಲ್ಲುವ ಕಾರಣವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡುತ್ತದೆ. ಗಾಯಾಳು ಮಾತನಾಡುತ್ತಿದ್ದಾನೆಂದು ಸಮಾಧಾನಪಟ್ಟು ಕೂರದೆ, ಆ ಮಾತು ಗಳಿಗೆಯಿಂದ ಗಳಿಗೆಗೆ ಹೇಗೆ ಬದಲಾಗುತ್ತಿದೆ ಎಂಬುದನ್ನು ನಾವು ಕಿವಿಗೊಟ್ಟು ಕೇಳಬೇಕು.