ನೂರು ಅಳತೆ, ಹನ್ನೆರಡರ ಬೆಲೆ

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ ಜಲಾಶಯದಿಂದ ಬಿಟ್ಟ ಘಟಪ್ರಭೆಯ ನೀರು ಧೂಪದಾಳ ದಾಟಿ, ಗೋಕಾಕ ಜಲಪಾತದಲ್ಲಿ ಸುಮಾರು 52 ಮೀಟರ್ ಧುಮುಕಿ, ಮೂಡಲಗಿ ಸೀಮೆಯತ್ತ ಸಾಗುತ್ತದೆ. 2019ರ ಆಗಸ್ಟ್‌ನಲ್ಲಿ ಇದೇ ನದಿ ಗೋಕಾಕ ಪಟ್ಟಣಕ್ಕೆ ನುಗ್ಗಿತ್ತು. ಇಂಥ ನದಿಯ ವಾಡಿಕೆಯ ಮಳೆಗಾಲದ ಮಟ್ಟವನ್ನು ತಿಳಿಯಲು ಎಷ್ಟು ಸಲ ಅಳೆಯಬೇಕು?

ಹೆಚ್ಚು ಸಲ ಅಳೆದು ಸರಾಸರಿ ತೆಗೆಯಿರಿ ಎಂಬುದು ಶಾಲೆಯಲ್ಲಿ ಕಲಿತ ಉತ್ತರ. ಅಳತೆಗಳ ಏರಿಳಿತವನ್ನು ಅವುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸರಾಸರಿಯ ಅನಿಶ್ಚಿತತೆ ಸಿಗುತ್ತದೆ. ಏರಿಳಿತ 30 ಸೆಂ.ಮೀ., ಅಳತೆ 100 ಎಂದಿಟ್ಟುಕೊಳ್ಳಿ. ಅನಿಶ್ಚಿತತೆ 3 ಸೆಂ.ಮೀ. ಆದರೆ ಈ ಸೂತ್ರಕ್ಕೊಂದು ಷರತ್ತಿದೆ: ಅಳತೆಗಳು ಒಂದಕ್ಕೊಂದು ನಂಟಿಲ್ಲದವಾಗಿರಬೇಕು.

ನದಿ ಈ ಷರತ್ತಿಗೆ ಒಗ್ಗುವುದಿಲ್ಲ. ಇಂದು ತುಂಬಿ ಹರಿದ ಹೊಳೆ ನಾಳೆಗೆ ಬತ್ತುವುದಿಲ್ಲ. ನಾಳೆಯ ಸುದ್ದಿಯ ಬಹುಪಾಲು ಇಂದಿನ ಅಳತೆಯಲ್ಲೇ ಇರುತ್ತದೆ. ಇದೇ ಸಹಸಂಬಂಧ. ಒಂದು ದಿನಕ್ಕೂ ಮರುದಿನಕ್ಕೂ ಅದು 0.8, ಎರಡು ದಿನಕ್ಕೆ 0.64, ಹೀಗೆ ಇಳಿಯುತ್ತ ಹೋದರೆ, ದಿನಕ್ಕೊಂದರಂತೆ ಪಡೆದ 100 ಅಳತೆಗಳು ನಂಟಿಲ್ಲದ ಸುಮಾರು 12 ಅಳತೆಗಳಿಗೆ ಮಾತ್ರ ಸಮ. ಅನಿಶ್ಚಿತತೆ 3 ಅಲ್ಲ, ಸುಮಾರು 9 ಸೆಂ.ಮೀ.

ಕಬ್ಬಿನ ಹೊಲದಲ್ಲೂ ಇದೇ ಲೆಕ್ಕ. ರಸದ ಒಂದು ಹನಿಯನ್ನು ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಬಿಟ್ಟು ಬ್ರಿಕ್ಸ್, ಅಂದರೆ ರಸದ ಸಿಹಿಯ ಮಟ್ಟ, ನೋಡುತ್ತಾರೆ. ಒಂದೇ ಬದುವಿನ ಪಕ್ಕದ ಕಬ್ಬುಗಳಿಗೆ ಮಣ್ಣು, ನೀರು, ಗೊಬ್ಬರ ಎಲ್ಲ ಒಂದೇ. ಅವುಗಳ ನಡುವೆ ಪರಸ್ಪರ ಸಹಸಂಬಂಧ 0.5 ಇದ್ದರೆ, ಅಲ್ಲಿನ ಸಾವಿರ ಕಬ್ಬು ಹಿಂಡಿದರೂ ಇಡೀ ಹೊಲದ ಬಗ್ಗೆ ಎರಡು ಬಿಡಿ ಕಬ್ಬು ಹೇಳುವುದಕ್ಕಿಂತ ಹೆಚ್ಚೇನೂ ತಿಳಿಯದು. ಹೊಲದ ನಾಲ್ಕು ಮೂಲೆ ಮತ್ತು ನಡುವಿನಿಂದ ಆಯ್ದ ಐದು ಕಬ್ಬುಗಳೇ ಮೇಲು.

ಇನ್ನು ನದಿಯ ಮಟ್ಟ ಅಳೆಯುವ ಪಟ್ಟಿಯ ಸೊನ್ನೆಯನ್ನೇ 5 ಸೆಂ.ಮೀ. ತಪ್ಪಾಗಿ ಕೂರಿಸಿದ್ದರಂತೂ ಆ ತಪ್ಪು ಪ್ರತಿ ಅಳತೆಯಲ್ಲೂ ಹಾಗೇ ಇರುತ್ತದೆ. ಸರಾಸರಿ ಅದನ್ನು ಕಳೆಯುವುದಿಲ್ಲ. ಪಟ್ಟಿಯನ್ನು ಪರೀಕ್ಷಿಸಿ ಸರಿಪಡಿಸುವುದೊಂದೇ ದಾರಿ.

ಅಳತೆಯ ಅನಿಶ್ಚಿತತೆ ಕುರಿತು 1993ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕೈಪಿಡಿಯೂ, ಅಳತೆಗಳ ನಡುವೆ ನಂಟಿದ್ದರೆ ಬೇರೆ ವಿಧಾನ ಬೇಕೆಂದು ಎಚ್ಚರಿಸುತ್ತದೆ. ಮೊದಲು ಅಂಕಿಗಳಿಂದಲೇ ಸಹಸಂಬಂಧ ಲೆಕ್ಕಹಾಕಬೇಕು. ಆಮೇಲೆ ಅಂತರ ಬಿಟ್ಟು ಅಳೆಯಬೇಕು, ಇಲ್ಲವೇ ಅನಿಶ್ಚಿತತೆಯನ್ನು ಹಿಗ್ಗಿಸಿ ಬರೆಯಬೇಕು. ಪ್ರವಾಹದ ಮುನ್ನೆಚ್ಚರಿಕೆಯಾಗಲಿ, ಕಬ್ಬಿನ ಕಟಾವಾಗಲಿ, ಜನರ ಬದುಕು ಈ ಅಂಕಿಗಳನ್ನು ನಂಬಿದೆ. ಎಷ್ಟು ಅಳತೆ ಎಂದು ಕೇಳುವ ಮೊದಲು, ಅವುಗಳಲ್ಲಿ ಹೊಸ ಸುದ್ದಿ ಎಷ್ಟಿದೆ ಎಂದು ಕೇಳೋಣ.