ಊರಿನ ಬಳಿ ಜಿಂಕೆ ಕಂಡಾಗ: ಓಡಿಸಬೇಡಿ, ಹಿಡಿಯಬೇಡಿ, ದಾರಿ ಬಿಡಿ

ಬೆಳಗಿನ ಪೂಜೆಗೆ ಹೊರಟವರಿಗೆ ಚರ್ಚಿನ ಗುಡ್ಡೆಯ ದಾರಿಯಲ್ಲಿ ಜಿಂಕೆಯೊಂದು ಕಂಡಿತು ಎಂದಿಟ್ಟುಕೊಳ್ಳೋಣ. ಮೊದಲು ಆಶ್ಚರ್ಯ, ಆಮೇಲೆ ಮೊಬೈಲ್. ಹತ್ತು ನಿಮಿಷದಲ್ಲಿ ಸುದ್ದಿ ವಾಳೆಯಿಡೀ ಹಬ್ಬುತ್ತದೆ. ಅರ್ಧ ಗಂಟೆಯೊಳಗೆ ಐವತ್ತು ಜನ, ನಾಲ್ಕಾರು ನಾಯಿಗಳು ಸೇರುತ್ತವೆ. ಪ್ರಾಣಿ ಹೆದರಿ ಅತ್ತಿತ್ತ ಓಡುತ್ತದೆ, ಕಂಪೌಂಡ್ ಗೋಡೆಗೆ ಢಿಕ್ಕಿ ಹೊಡೆಯುತ್ತದೆ, ಕೊನೆಗೆ ಸುಸ್ತಾಗಿ ಬೀಳುತ್ತದೆ. ಹಗ್ಗ ಹಾಕಿ ಹಿಡಿದು ಅರಣ್ಯ ಇಲಾಖೆಯವರಿಗೆ ಒಪ್ಪಿಸಿದ ಯುವಕರಿಗೆ ಒಂದು ಜೀವವನ್ನು ಉಳಿಸಿದ ಸಂತೋಷ. ಆದರೆ ಎರಡು ದಿನ ಕಳೆದ ಮೇಲೆ ಆ ಜಿಂಕೆ ಸತ್ತುಹೋಯಿತು ಎಂಬ ಸುದ್ದಿ ಬರುತ್ತದೆ. ಮೈಮೇಲೆ ದೊಡ್ಡ ಗಾಯವೇನೂ ಇರಲಿಲ್ಲ. ಹಾಗಾದರೆ ಅದು ಸತ್ತದ್ದು ಏಕೆ?

ಕಾಡಿನ ಅಂಚಿನಲ್ಲಿರುವ ನಮ್ಮ ಧರ್ಮಕೇಂದ್ರಗಳವರು ಈ ಪ್ರಶ್ನೆಗೆ ಉತ್ತರ ತಿಳಿದಿರುವುದು ಒಳ್ಳೆಯದು. ಕಾಡುಪ್ರಾಣಿಗಳು ಜನವಸತಿಯ ಹತ್ತಿರ ಬರುವುದು ಕರಾವಳಿಗೆ ಹೊಸತಲ್ಲ. 2020ರ ಮೇ ತಿಂಗಳಿನಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಮಂಗಳೂರು ನಗರದೊಳಗೇ ಕಾಡುಕೋಣ ಬಂದದ್ದನ್ನು ಅನೇಕರು ನೆನಪಿಟ್ಟುಕೊಂಡಿರಬಹುದು.

ಕಂಡದ್ದು ಯಾವ ಪ್ರಾಣಿ?

ನಾವು ಎಲ್ಲವನ್ನೂ 'ಜಿಂಕೆ' ಎನ್ನುತ್ತೇವೆ. ಆದರೆ ಮೈಮೇಲೆ ಬಿಳಿ ಚುಕ್ಕೆಗಳಿರುವ, ಹಿಂಡಿನಲ್ಲಿ ಮೇಯುವ ಚುಕ್ಕೆ ಜಿಂಕೆ ಹೆಚ್ಚು ಮಳೆ ಬೀಳುವ ದಟ್ಟ ಕಾಡನ್ನು ಅಷ್ಟಾಗಿ ಇಷ್ಟಪಡುವುದಿಲ್ಲ. ಬಂಡೀಪುರ, ನಾಗರಹೊಳೆಯಂತಹ ಬಯಲು ಸೇರಿದ ಕಾಡುಗಳೇ ಅದಕ್ಕೆ ಹಿತ. ಘಟ್ಟದ ಕೆಳಗಿನ ನಮ್ಮ ಊರುಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಬೇರೆ ಮೂರು ಪ್ರಾಣಿಗಳು.

ಮೊದಲನೆಯದು ಕಡವೆ. ಇದು ನಮ್ಮ ದೇಶದ ಅತಿ ದೊಡ್ಡ ಜಿಂಕೆ. ಕಡು ಕಂದು ಬಣ್ಣ, ಒರಟು ಕೂದಲು. ಬೆಳೆದ ಗಂಡು 200 ಕಿಲೋಗಿಂತಲೂ ಹೆಚ್ಚು ತೂಗಬಲ್ಲದು. ರಾತ್ರಿ ಹೊತ್ತು ಮೇಯುತ್ತದೆ, ನೀರೆಂದರೆ ಬಲು ಇಷ್ಟ, ಚೆನ್ನಾಗಿ ಈಜುತ್ತದೆ.

ಎರಡನೆಯದು ಕಾಡುಕುರಿ. ಹೆಸರು ಕುರಿಯಾದರೂ ಜಾತಿಯಲ್ಲಿ ಜಿಂಕೆಯೇ. ಕೆಂಗಂದು ಬಣ್ಣದ, ಆಡಿನಷ್ಟೇ ಎತ್ತರದ ಈ ಪ್ರಾಣಿ ಅಪಾಯ ಕಂಡರೆ ನಾಯಿಯಂತೆ ಬೊಗಳುತ್ತದೆ. ಗುಡ್ಡೆಯಿಂದ ಒಂದೇ ಸಮನೆ ಬೊಗಳುವ ಸದ್ದು ಕೇಳಿದರೆ ಅದು ನಾಯಿಯೇ ಆಗಿರಬೇಕೆಂದಿಲ್ಲ. ಹತ್ತಿರದಲ್ಲಿ ಚಿರತೆ ಇದೆಯೆಂದು ಕಾಡುಕುರಿ ಎಚ್ಚರಿಸುತ್ತಿರಲೂಬಹುದು.

ಮೂರನೆಯದು ಕೂರ ಅಥವಾ ಬರಿಂಕ. ಬೆಕ್ಕಿಗಿಂತ ತುಸು ದೊಡ್ಡದು, ಕೊಂಬಿಲ್ಲ, ಮೈಮೇಲೆ ಬಿಳಿ ಚುಕ್ಕೆ ಮತ್ತು ಗೆರೆಗಳು. ನೋಡಲು ಪುಟ್ಟ ಜಿಂಕೆಯಂತಿದ್ದರೂ ವಿಜ್ಞಾನಿಗಳು ಇದನ್ನು ಬೇರೆ ಕುಟುಂಬಕ್ಕೆ ಸೇರಿಸಿದ್ದಾರೆ. ಜಿಂಕೆ ಮರಿಯೆಂದು ಕನಿಕರದಿಂದ ಮನೆಗೆ ತಂದದ್ದು ಪೂರ್ತಿ ಬೆಳೆದ ಬರಿಂಕವೇ ಆಗಿರುವ ಸಾಧ್ಯತೆ ಉಂಟು.

ಇಲ್ಲಿಗೆ ಏಕೆ ಬರುತ್ತವೆ?

"ಕಾಡು ನಾಶವಾದದ್ದರಿಂದ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದು ಸತ್ಯದ ಒಂದು ಭಾಗ ಮಾತ್ರ. ಫೆಬ್ರವರಿಯಿಂದ ಮೇವರೆಗೆ ತೋಡು, ಹಳ್ಳಗಳು ಬತ್ತುತ್ತವೆ. ಅದೇ ಹೊತ್ತಿಗೆ ನಮ್ಮ ಅಡಿಕೆ ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ, ನೆಲ ಹಸಿರಾಗಿರುತ್ತದೆ. ಬಾಯಾರಿದ ಪ್ರಾಣಿ ಅಲ್ಲಿಗೆ ಬಂದರೆ ಆಶ್ಚರ್ಯವಿಲ್ಲ. ಕೆಲವೊಮ್ಮೆ ಸೀಳುನಾಯಿಗಳೋ ಬೀದಿನಾಯಿಗಳೋ ಅಟ್ಟಿಸಿಕೊಂಡು ಬಂದಾಗ ದಾರಿ ತಪ್ಪಿ ಊರು ಸೇರುತ್ತವೆ. ಎಳೆಯ ಗಂಡುಗಳು ಹುಟ್ಟಿದ ಜಾಗ ಬಿಟ್ಟು ಹೊಸ ನೆಲೆ ಹುಡುಕಿಕೊಂಡು ಹೊರಡುವುದೂ ಉಂಟು.

ಇನ್ನೊಂದು ಕಾರಣ ನಮ್ಮ ಮನೆಗಳಲ್ಲೇ ಇದೆ. ಮಕ್ಕಳು ಮುಂಬೈಗೆ, ಗಲ್ಫ್‌ಗೆ ಹೋದ ಮೇಲೆ ಎಷ್ಟೋ ಗದ್ದೆಗಳು ಹಡೀಲು ಬಿದ್ದಿವೆ. ಉಳುವವರಿಲ್ಲದ ಗದ್ದೆಯಲ್ಲಿ ಕೆಲವೇ ವರ್ಷಗಳಲ್ಲಿ ಪೊದೆ ಬೆಳೆಯುತ್ತದೆ. ಅದರಾಚೆ ಅಕೇಶಿಯಾ ನೆಡುತೋಪು, ರಬ್ಬರ್ ತೋಟ, ಹಾಡಿ. ಹೀಗೆ ಕಾಡಿನಿಂದ ಪೇಟೆಯ ಬಾಗಿಲವರೆಗೆ ಮರೆಯಲ್ಲೇ ನಡೆದುಬರುವ ದಾರಿಯೊಂದು ತಾನಾಗಿ ಸಿದ್ಧವಾಗಿದೆ. ಆ ದಾರಿ ಮುಗಿಯುವಲ್ಲಿ ಹೆದ್ದಾರಿ, ಕಂಪೌಂಡ್ ಗೋಡೆ, ನಾಯಿಗಳು ಎದುರಾಗುತ್ತವೆ.

ಜನಸಂಚಾರ ಕಡಿಮೆಯಾದರೆ ಪ್ರಾಣಿಗಳು ಇನ್ನೂ ಮುಂದಕ್ಕೆ ಬರುತ್ತವೆ ಎಂಬುದನ್ನು 2020ರ ಲಾಕ್‌ಡೌನ್ ತೋರಿಸಿಕೊಟ್ಟಿತು. ಆ ವರ್ಷ ಚಂಡೀಗಢ ನಗರದ ರಸ್ತೆಯಲ್ಲಿ ಕಡವೆ ನಡೆದಾಡಿದ ಚಿತ್ರ ದೇಶವೇ ನೋಡಿತು.

ಓಟವೇ ಕೊಲ್ಲುತ್ತದೆ

ಈಗ ಮೊದಲ ಪ್ರಶ್ನೆಗೆ ಬರೋಣ. ಜಿಂಕೆ ಸ್ವಲ್ಪ ದೂರ ವೇಗವಾಗಿ ಓಡಿ ಮರೆಯಾಗುವ ಪ್ರಾಣಿ. ಸುತ್ತ ಜನ ನಿಂತು ಬೊಬ್ಬೆ ಹೊಡೆದಾಗ ಅದಕ್ಕೆ ಮರೆ ಸಿಗುವುದಿಲ್ಲ, ಓಟ ನಿಲ್ಲುವುದಿಲ್ಲ. ವಿಪರೀತ ಭಯ ಮತ್ತು ಶ್ರಮದಿಂದ ಮೈ ಕಾವೇರುತ್ತದೆ, ಸ್ನಾಯುಗಳಲ್ಲಿ ಆಮ್ಲ ತುಂಬುತ್ತದೆ, ಸ್ನಾಯುಗಳು ಒಳಗೊಳಗೇ ಒಡೆಯತೊಡಗುತ್ತವೆ. ಒಡೆದ ಸ್ನಾಯುವಿನ ಅಂಶ ರಕ್ತ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ, ಹೃದಯಕ್ಕೂ ಪೆಟ್ಟು ಬೀಳುತ್ತದೆ. ಸಾವು ಕೂಡಲೇ ಬರಬಹುದು, ಕೆಲವು ದಿನ ಬಿಟ್ಟೂ ಬರಬಹುದು. ಒಮ್ಮೆ ಈ ಸ್ಥಿತಿ ತಲುಪಿದರೆ ಪಶುವೈದ್ಯರ ಕೈಯಲ್ಲೂ ಹೆಚ್ಚೇನೂ ಉಳಿಯುವುದಿಲ್ಲ.

ಅಂದರೆ ಕಟ್ಟಿ ಹಾಕಿದಾಗ ಸುಮ್ಮನೆ ಮಲಗಿದ ಜಿಂಕೆ ಸಮಾಧಾನಗೊಂಡಿದೆ ಎಂದು ತಿಳಿಯಬಾರದು. ಆ ಹೊತ್ತಿಗೆ ಅದರ ಮೈಯೊಳಗೆ ಹಾನಿ ಆಗಿಹೋಗಿರಬಹುದು. ಹಿಡಿಯುವ ಕೈಗಳಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ ನಿಜ. ಆದರೂ ಅದನ್ನು ಕೊಂದದ್ದು ಆ ಅಟ್ಟಾಟವೇ.

ಒಂಟಿ ಮರಿ ಅನಾಥವಲ್ಲ

ತೋಟದಲ್ಲಿ ಸೊಪ್ಪು ಸವರುವಾಗ ಪೊದೆಯ ಬುಡದಲ್ಲಿ ಅಲುಗಾಡದೆ ಮಲಗಿದ ಮರಿ ಸಿಕ್ಕಿತೆನ್ನಿ. "ಪಾಪ, ತಾಯಿ ಬಿಟ್ಟುಹೋಗಿದೆ" ಎಂದು ಎತ್ತಿಕೊಂಡು ಬರುವವರೇ ಹೆಚ್ಚು. ನಿಜ ಸಂಗತಿ ಬೇರೆ. ತಾಯಿ ಜಿಂಕೆ ಎಳೆಯ ಮರಿಯನ್ನು ಬೇಕೆಂದೇ ಅಡಗಿಸಿ ಮೇಯಲು ಹೋಗುತ್ತದೆ. ತಾನು ಜೊತೆಗಿದ್ದರೆ ಬೇಟೆ ಪ್ರಾಣಿಯ ಗಮನ ಅತ್ತ ಹೋಗುತ್ತದೆ. ಮರಿಯೊಂದೇ ಇದ್ದರೆ ವಾಸನೆ ಕಡಿಮೆ, ಅಲುಗದೆ ಮಲಗಿದರೆ ಕಣ್ಣಿಗೂ ಬೀಳದು. ಹಾಲೂಡಿಸುವ ಹೊತ್ತಿಗೆ ತಾಯಿ ಮರಳುತ್ತದೆ. ಮನುಷ್ಯರು ಅಲ್ಲೇ ಸುತ್ತುತ್ತಿದ್ದರೆ ಮಾತ್ರ ಹತ್ತಿರ ಬರಲು ಹೆದರುತ್ತದೆ.

ಎತ್ತಿ ತಂದ ಮರಿಗೆ ದನದ ಹಾಲು ಕುಡಿಸಿದರೆ ಭೇದಿ ಹಿಡಿಯಬಹುದು, ಬಾಟಲಿಯ ಹಾಲು ಶ್ವಾಸಕೋಶ ಸೇರಬಹುದು. ಬದುಕಿ ಬೆಳೆದರೂ ಮನುಷ್ಯರ ಭಯ ಕಳೆದುಕೊಂಡ ಗಂಡು ಜಿಂಕೆ ಕೊಂಬು ಬಂದ ಮೇಲೆ ಸಾಕಿದವರಿಗೇ ತಿವಿಯಬಹುದು. ಗಾಯವಿಲ್ಲದಿದ್ದರೆ ಮರಿಯನ್ನು ಇದ್ದಲ್ಲೇ ಬಿಟ್ಟು, ನಾಯಿಯನ್ನು ಕಟ್ಟಿ, ಆ ದಿನದ ಕೆಲಸವನ್ನು ತೋಟದ ಬೇರೆ ಮೂಲೆಯಲ್ಲಿ ಮಾಡುವುದೇ ನಿಜವಾದ ಉಪಕಾರ.

ತಿನ್ನಲು ಕೊಡಬೇಡಿ

ತಿಂಡಿ ಕೊಟ್ಟು ಅಭ್ಯಾಸ ಮಾಡಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಜಪಾನಿನ ನಾರಾ ನಗರ ಒಳ್ಳೆಯ ಉದಾಹರಣೆ. ಅಲ್ಲಿನ ಉದ್ಯಾನದಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳು ಪ್ರವಾಸಿಗರ ನಡುವೆಯೇ ಓಡಾಡುತ್ತವೆ. 2019ರಲ್ಲಿ ಕೆಲವೇ ತಿಂಗಳೊಳಗೆ ಸತ್ತ 14 ಜಿಂಕೆಗಳಲ್ಲಿ 9ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಒಂದರ ಹೊಟ್ಟೆಯಲ್ಲಿ ಇದ್ದದ್ದು 4.3 ಕಿಲೋ. ಮರುವರ್ಷ ಪ್ರವಾಸಿಗರು ನಿಂತಾಗ ಜಿಂಕೆಗಳು ಆಹಾರ ಹುಡುಕುತ್ತಾ ಪೇಟೆಯ ಬೀದಿಗಳಿಗೆ ಬಂದವು. ನಮ್ಮ ಹಬ್ಬದ ಊಟದ ನಂತರ ಮೈದಾನದ ಮೂಲೆಯಲ್ಲಿ ಉಳಿಯುವ ಕವರು, ತಟ್ಟೆಗಳನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕಾಗಿದೆ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಪ್ರಾಣಿಗಳನ್ನು ಬೇಟೆಯಾಡುವುದು, ಹಿಡಿಯುವುದು, ಸಾಕುವುದು ಅಪರಾಧ. ವಾಹನ ಬಡಿದು ಅಥವಾ ನಾಯಿ ಕಚ್ಚಿ ಸತ್ತದ್ದಾದರೂ ಅದರ ಮಾಂಸ, ಚರ್ಮ, ಕೊಂಬು ಸರ್ಕಾರದ ಸೊತ್ತು. ಕೈಗೆ ಸಿಕ್ಕಿದರೆ 48 ಗಂಟೆಗಳೊಳಗೆ ಪೊಲೀಸರಿಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. "ಹೇಗೂ ಸತ್ತಿದೆಯಲ್ಲ" ಎಂದು ಪಾಲು ಹಂಚಿಕೊಂಡವರೂ, "ಒಂದು ಪಾಲು ನಮಗೂ ಬಂತು" ಎಂದು ಸುಮ್ಮನಿದ್ದವರೂ ಕಾನೂನಿನ ಮುಂದೆ ಉತ್ತರಿಸಬೇಕಾಗುತ್ತದೆ. ಹಂದಿಗೆಂದು ಇಟ್ಟ ಉರುಳಿಗೆ ಕಾಡುಕುರಿ ಬಿದ್ದರೂ ಅಪರಾಧ ಅಪರಾಧವೇ. ಬೇಲಿಗೆ ನೇರವಾಗಿ ಕರೆಂಟ್ ಕೊಡುವುದಂತೂ ನೆರೆಮನೆಯ ಮಗುವಿನ ಜೀವಕ್ಕೂ ಅಪಾಯ.

ಬೆಳೆ ಕಳೆದುಕೊಂಡ ರೈತನ ಕಷ್ಟ ಸಣ್ಣದಲ್ಲ. ಹಾನಿಯಾದರೆ ಫೋಟೋ ತೆಗೆದಿಟ್ಟು ವಲಯ ಅರಣ್ಯ ಕಚೇರಿಯಲ್ಲಿ ಪರಿಹಾರದ ಬಗ್ಗೆ ವಿಚಾರಿಸುವುದು ಸರಿಯಾದ ದಾರಿ.

ನಾವು ಏನು ಮಾಡಬಹುದು?

1. ಮೊದಲು ನಾಯಿಗಳನ್ನು ಕಟ್ಟಿ, ಮಕ್ಕಳನ್ನು ಒಳಗೆ ಕರೆಯಿರಿ. ಗೇಟು ತೆರೆದಿಟ್ಟು ದೂರ ಸರಿಯಿರಿ. ಬಹಳ ಸಲ ಕತ್ತಲಾದ ಮೇಲೆ ಪ್ರಾಣಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

2. ಗಾಯಗೊಂಡಿದ್ದರೆ, ಬಾವಿಗೆ ಬಿದ್ದಿದ್ದರೆ, ಗೋಡೆಗಳ ನಡುವೆ ಸಿಕ್ಕಿಕೊಂಡಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಜನ ಸೇರದಂತೆ ನೋಡಿಕೊಳ್ಳಿ. ವಾಳೆಯ ಗುರಿಕಾರರು, ಯುವ ಸಂಘಟನೆಯವರು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು.

3. ಸ್ಥಳದ ವಿವರದೊಂದಿಗೆ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಹಾಕಬೇಡಿ. ಜನಜಂಗುಳಿಯ ಜೊತೆಗೆ ಕೋವಿ ಇರುವವರೂ ಬಂದಾರು.

4. ಬರಿಗೈಯಲ್ಲಿ ಮುಟ್ಟಬೇಡಿ. ಕಾಡುಪ್ರಾಣಿಗಳ ಮೈಯಲ್ಲಿ ಉಣ್ಣಿಗಳಿರುತ್ತವೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣಿಯಿಂದಲೇ ಹರಡುತ್ತದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕು ಆ ಕಾಯಿಲೆಯ ನೋವು ಉಂಡಿದೆ. ನಾಯಿ ಕಚ್ಚಿದ ಜಿಂಕೆಯಲ್ಲಿ ಹುಚ್ಚುನಾಯಿ ರೋಗದ ಭಯವೂ ಇದೆ.

5. ಚರ್ಚ್, ಶಾಲೆ, ಕಾನ್ವೆಂಟ್ ಜಾಗಗಳಲ್ಲಿ ಕಟ್ಟೆಯಿಲ್ಲದ ಹಳೆ ಬಾವಿ, ಕಲ್ಲು ಕಡಿದು ಬಿಟ್ಟ ಹೊಂಡಗಳಿದ್ದರೆ ಈ ಬೇಸಿಗೆಯ ಮೊದಲೇ ಕಟ್ಟೆಯೋ ಬೇಲಿಯೋ ಹಾಕಿಸಿ. ಅದು ಪ್ರಾಣಿಗೂ ಮನುಷ್ಯರಿಗೂ ಕ್ಷೇಮ.

6. ಸಂಜೆಯ ಮೇಲೆ ಗುಡ್ಡೆಯ ರಸ್ತೆಗಳಲ್ಲಿ ವಾಹನ ನಿಧಾನವಾಗಿ ಓಡಿಸಿ. ಇನ್ನೂರು ಕಿಲೋದ ಕಡವೆ ಅಡ್ಡ ಬಂದರೆ ಬೈಕಿನವರ ಪ್ರಾಣಕ್ಕೂ ಸಂಚಕಾರ.

ಜಿಂಕೆಯನ್ನು ಕಂಡ ಸಂತೋಷ ತಪ್ಪಲ್ಲ. ದೂರದಿಂದ ನೋಡೋಣ, ಮಕ್ಕಳಿಗೂ ತೋರಿಸೋಣ. ಆಮೇಲೆ ಅದು ಹೋಗಲು ದಾರಿ ಬಿಡೋಣ. ಬಂದ ಪ್ರಾಣಿ ಮರುದಿನ ಅಲ್ಲಿ ಕಾಣದಿದ್ದರೆ, ಗೊರಸಿನ ಗುರುತು ಮಾತ್ರ ಉಳಿದಿದ್ದರೆ, ನಮ್ಮ ಊರಿನವರು ಮಾಡಬೇಕಾದ್ದನ್ನು ಸರಿಯಾಗಿ ಮಾಡಿದ್ದಾರೆ ಎಂದೇ ಅರ್ಥ.