ಲದ್ದಿಯಲ್ಲಿ ಉಳಿದ ದಿಗಿಲು

ಆನೆಯ ರಕ್ತದಲ್ಲಿ ಒತ್ತಡದ ಹಾರ್ಮೋನು ಎಷ್ಟಿದೆ ಎಂದು ನೋಡಬೇಕಾದರೆ ಮೊದಲು ಆನೆಯನ್ನು ಹಿಡಿಯಬೇಕು. ಹಿಡಿಯಲು ಹೋದ ಕೆಲವೇ ನಿಮಿಷಗಳಲ್ಲಿ ಕಾರ್ಟಿಸಾಲ್ ಏರಿಬಿಡುತ್ತದೆ. ಸಿರಿಂಜಿಗೆ ಬರುವುದು ನಾವೇ ಹುಟ್ಟಿಸಿದ ದಿಗಿಲು. ಅದಕ್ಕೇ ವಿಜ್ಞಾನಿಗಳು ಆನೆಯನ್ನು ಅದರ ಪಾಡಿಗೆ ಬಿಟ್ಟು ಲದ್ದಿಯ ಬೆನ್ನು ಹತ್ತಿದರು.

ಕಾರ್ಟಿಸಾಲ್ ಹುಟ್ಟುವುದು ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳಲ್ಲಿ. ಅಪಾಯ ಕಂಡೊಡನೆ ರಕ್ತಕ್ಕೆ ಸಕ್ಕರೆ ತುಂಬಿ, ಓಡಲೋ ಕಾದಾಡಲೋ ಬಲ ಕೊಡುತ್ತದೆ. ಜೀವ ಉಳಿಸುವ ಏರ್ಪಾಡು ಇದು. ಆದರೆ ವಾರಗಟ್ಟಲೆ ಇಳಿಯದೆ ನಿಂತರೆ ಅದೇ ಹಾರ್ಮೋನು ಸ್ನಾಯು ಕರಗಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ, ಸಂತಾನಶಕ್ತಿಗೂ ಪೆಟ್ಟು ಕೊಡುತ್ತದೆ.

ಕೆಲಸ ಮುಗಿಸಿದ ಕಾರ್ಟಿಸಾಲನ್ನು ಯಕೃತ್ತು ಒಡೆದು ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಹಾಗಾಗಿ ಇಂದಿನ ಲದ್ದಿಯಲ್ಲಿ ಒಂದೆರಡು ದಿನ ಹಿಂದಿನ ಆತಂಕದ ಚೂರುಗಳಿರುತ್ತವೆ. ಹಬೆಯಾಡುವ ಉಂಡೆಯನ್ನು ಬಿಡಿಸಿ, ಮಣ್ಣು ಮಳೆ ತಾಕದ ನಡುಭಾಗವನ್ನು ತೆಗೆದು, ತಡಮಾಡದೆ ತಂಪಿನಲ್ಲಿಡಬೇಕು. ಇಲ್ಲವಾದರೆ ಬ್ಯಾಕ್ಟೀರಿಯಾಗಳು ಆ ಚೂರುಗಳನ್ನೂ ಮುಗಿಸುತ್ತವೆ. ಪ್ರಯೋಗಾಲಯದಲ್ಲಿ ಅದನ್ನು ಒಣಗಿಸಿ, ಪುಡಿಮಾಡಿ, ನಾರು ಜರಡಿ ಹಿಡಿದು, ಮದ್ಯಸಾರದಲ್ಲಿ ಕದಡುತ್ತಾರೆ. ಸೋಸಿದ ರಸ ಪುಟ್ಟ ಗುಳಿಗಳ ತಟ್ಟೆಗೆ ಬೀಳುತ್ತದೆ. ಗುಳಿಯ ತಳದಲ್ಲಿ ಪ್ರತಿಕಾಯಗಳು ಅಂಟಿಕೊಂಡಿರುತ್ತವೆ. ಲದ್ದಿಯ ಹಾರ್ಮೋನಿಗೂ ಬಣ್ಣ ಬರಿಸುವ ಕಿಣ್ವ ಹೊತ್ತ ಹಾರ್ಮೋನಿಗೂ ಅಲ್ಲಿ ಜಾಗಕ್ಕಾಗಿ ಪೈಪೋಟಿ. ಬಣ್ಣ ಮಂಕಾದಷ್ಟೂ ಆನೆಯ ಒತ್ತಡ ಹೆಚ್ಚು ಎಂದರ್ಥ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಜೀತಾ ಪೋಖರೆಲ್, ರಾಮನ್ ಸುಕುಮಾರ್ ಮತ್ತು ಸಂಗಡಿಗರು ಈ ಬಣ್ಣವನ್ನೇ ಓದಿದರು. ಬೇಸಿಗೆಯಲ್ಲಿ ಮೇವಿಲ್ಲದೆ ಪಕ್ಕೆಲುಬು ಎದ್ದು ಕಾಣುವ ಆನೆಗಳಲ್ಲಿ ಒತ್ತಡದ ಮಟ್ಟ ಏರಿತ್ತು. ಇದು ನಿರೀಕ್ಷಿತವೇ. ಬೆರಗು ಕಾದಿದ್ದದ್ದು ಹಾಸನದಲ್ಲಿ. ಜನರ ನಡುವೆ, ಗದ್ದೆ ತೋಟಗಳಲ್ಲಿ ಮೇಯುವ ಅಲ್ಲಿನ ಆನೆಗಳಲ್ಲಿ ಹಾರ್ಮೋನಿನ ಮಟ್ಟ ನಾಗರಹೊಳೆ, ಬಂಡೀಪುರದ ಕಾಡಾನೆಗಳಿಗಿಂತ ಕಡಿಮೆ ಇತ್ತು! ಅಟ್ಟುವವರ ಕೂಗಾಟ, ಪಟಾಕಿಗಳ ನಡುವೆಯೂ ಮೈ ತುಂಬಿತ್ತು. ಮೇವು ಪುಷ್ಟಿಯಾಗಿತ್ತು ಎಂಬುದರ ಗುರುತಾದ ಸಾರಜನಕವೂ ಲದ್ದಿಯಲ್ಲಿ ಹೆಚ್ಚಿತ್ತು. ಅಂದರೆ ಬೆಳೆಯ ಪೌಷ್ಟಿಕ ಮೇವು ಆತಂಕವನ್ನು ತಗ್ಗಿಸುತ್ತಿರಬಹುದು.

ಇದನ್ನು ಓದಿದಾಗ ನನಗೆ ಸಮಾಧಾನಕ್ಕಿಂತ ಕಳವಳವೇ ಹೆಚ್ಚಾಯಿತು. 2014ರಲ್ಲಿ ಆಲೂರು ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಹಾಸನದ ಸಂಘರ್ಷ ನಿಲ್ಲಲಿಲ್ಲ. ಭತ್ತದ ರುಚಿ ಕಂಡ ದೇಹಕ್ಕೆ ಕಾಡೇ ಹಸಿವಿನ ಜಾಗವಾಗಿ ಕಂಡರೆ, ಅಟ್ಟಿದಷ್ಟೂ ಅದು ಮರಳಿ ಬರುತ್ತದೆ.

ಇನ್ನೊಂದು ಅಳತೆಯೂ ನಡೆಯಲಿ ಎಂಬುದು ನನ್ನ ಆಸೆ. ಆರೋಗ್ಯವಂತ ಮನುಷ್ಯನಲ್ಲಿ ಕಾರ್ಟಿಸಾಲ್ ಬೆಳಗಿನ ಜಾವ ಏರಿ, ನಡುರಾತ್ರಿ ಹೊತ್ತಿಗೆ ತಳ ಮುಟ್ಟುತ್ತದೆ. ಅದೇ ನಡುರಾತ್ರಿ ಅಟ್ಟಣೆಯ ಮೇಲೆ ಟಾರ್ಚ್ ಹಿಡಿದು ಕಣ್ಣು ಮುಚ್ಚದೆ ಕೂತಿರುವ ರೈತನಲ್ಲಿ ಎಷ್ಟಿರುತ್ತದೆ? ಅವನಿಗೆ ಸೂಜಿ ಚುಚ್ಚಬೇಕಿಲ್ಲ. ಹತ್ತಿಯ ಸುರುಳಿಯೊಂದನ್ನು ಒಂದೆರಡು ನಿಮಿಷ ಬಾಯಲ್ಲಿಟ್ಟುಕೊಂಡು, ಎಂಜಲು ಹೀರಿದ ಮೇಲೆ ಕೊಳವೆಗೆ ಹಾಕಿಕೊಟ್ಟರೆ ಸಾಕು.